ಆಟ ನಿಂತ ಮೇಲೆ: ಕಾರ್ಲ್ಟನ್ ಚಾಪ್‌ಮನ್ ಅವರ ಎರಡನೇ ಇನ್ನಿಂಗ್ಸ್

ತಾಲ್ಲೂಕು ಮಟ್ಟದ ಪಂದ್ಯಗಳಿಗೆ ನಾಲ್ಕು ದಿನ ಇರುವಾಗ ನನ್ನ ಬಲ ಮೊಣಕಾಲು ತಿರುಚಿಕೊಂಡಿತು. ಈ ವರ್ಷ ಆಟ ಬೇಡ ಎಂದರು ಡಾಕ್ಟರು. ದ್ವಿತೀಯ ಪಿಯುಸಿಯವನಿಗೆ ಕಾಲೇಜು ತಂಡದಲ್ಲಿ ಇದೇ ಕೊನೆಯ ವರ್ಷ. ಹೊಳೆನರಸೀಪುರದಿಂದ ಹಾಸನಕ್ಕೆ ಬರುವ ಬಸ್ಸಿನಲ್ಲಿ ಎರಡು ವಾರ ನಾನು ಯಾರ ಜೊತೆಯೂ ಸರಿಯಾಗಿ ಮಾತಾಡಲಿಲ್ಲ. ಆಗ ನಮ್ಮ ದೈಹಿಕ ಶಿಕ್ಷಣದ ಸರ್ ಕರೆದು, "ಸುಮ್ನೆ ಕೂತು ಏನ್ ಮಾಡ್ತೀಯಪ್ಪ? ಫಸ್ಟ್ ಇಯರ್ ಹುಡುಗರನ್ನ ನೀನೇ ನೋಡ್ಕೊ" ಎಂದು ವಿಸಿಲ್ ಕೊಟ್ಟರು. ಚಾಪ್‌ಮನ್ ಬಗ್ಗೆ ಓದು ಎಂದೂ ಹೇಳಿದರು. ನನಗೆ ಆ ಹೆಸರೇ ಗೊತ್ತಿರಲಿಲ್ಲ. ನಿಮ್ಮಲ್ಲೂ ಅನೇಕರಿಗೆ ಗೊತ್ತಿರಲಿಕ್ಕಿಲ್ಲ, ಅದಕ್ಕೇ ಈ ಲೇಖನ.

ಕಾರ್ಲ್ಟನ್ ಚಾಪ್‌ಮನ್ ಹುಟ್ಟಿದ್ದು 1971ರಲ್ಲಿ, ನಮ್ಮ ಬೆಂಗಳೂರಿನಲ್ಲೇ. 1990ರಲ್ಲಿ ಜಮ್‌ಶೆಡ್‌ಪುರದ ಟಾಟಾ ಫುಟ್‌ಬಾಲ್ ಅಕಾಡೆಮಿ ಸೇರಿದರು. 1993ರಲ್ಲಿ ಕೋಲ್ಕತ್ತಾದ ಈಸ್ಟ್ ಬೆಂಗಾಲ್ ತಂಡಕ್ಕೆ ಹೋದರು. ಅದೇ ವರ್ಷ ಏಷ್ಯನ್ ಕಪ್ ವಿನ್ನರ್ಸ್ ಕಪ್‌ನಲ್ಲಿ ಇರಾಕಿನ ಅಲ್ ಜವ್ರಾ ತಂಡವನ್ನು ಈಸ್ಟ್ ಬೆಂಗಾಲ್ 6-2ರಿಂದ ಸೋಲಿಸಿತು. ಅದರಲ್ಲಿ ಮೂರು ಗೋಲು ಚಾಪ್‌ಮನ್‌ರದ್ದು. ಅವರು ಮಿಡ್‌ಫೀಲ್ಡರ್ ಎಂಬುದು ನೆನಪಿರಲಿ. ಗೋಲು ಹೊಡೆಯುವುದು ಅವರ ಮುಖ್ಯ ಕೆಲಸವೇ ಅಲ್ಲ.

ಮುಂದೆ ಪಂಜಾಬಿನ ಜೆಸಿಟಿ. ಐ.ಎಂ. ವಿಜಯನ್, ಬೈಚುಂಗ್ ಭುಟಿಯಾ ಜೊತೆ ಆಡಿ, 1996-97ರ ಮೊದಲ ರಾಷ್ಟ್ರೀಯ ಲೀಗ್ ಗೆದ್ದರು. 1997ರಲ್ಲಿ ಭಾರತ ಸ್ಯಾಫ್ ಕಪ್ ಗೆದ್ದಾಗ ನಾಯಕ ಇವರೇ. ಕೊಚ್ಚಿಯಲ್ಲಿ ಸ್ವಲ್ಪ ಕಾಲ ಆಡಿ ಈಸ್ಟ್ ಬೆಂಗಾಲ್‌ಗೆ ಮರಳಿ, 2001ರಲ್ಲಿ ಆ ತಂಡಕ್ಕೂ ಲೀಗ್ ಗೆದ್ದುಕೊಟ್ಟರು. ಅದೇ ವರ್ಷ ಆಟ ಬಿಟ್ಟರು. ಆಗ ವಯಸ್ಸು ಮೂವತ್ತು!

ನನಗೆ ಹೆಚ್ಚು ಹಿಡಿಸಿದ್ದು ಅದರ ನಂತರದ ಭಾಗ. ತಾವು ಕಲಿತ ಟಾಟಾ ಅಕಾಡೆಮಿಗೇ ತರಬೇತುದಾರರಾಗಿ ಹೋದರು. ಆಮೇಲೆ ಶಿಲ್ಲಾಂಗ್‌ನ ರಾಯಲ್ ವಾಹಿಂಗ್ಡೋ, ಕೋಲ್ಕತ್ತಾದ ಭವಾನಿಪುರ, ಕೊನೆಗೆ ಕೋಯಿಕ್ಕೋಡಿನ ಕ್ವಾರ್ಟ್ಜ್. ಇವು ಟಿವಿಯಲ್ಲಿ ದಿನಾ ಕಾಣುವ ತಂಡಗಳಲ್ಲ. ದೇಶದ ನಾಯಕನಾಗಿದ್ದವರು ಊರೂರು ತಿರುಗಿ ಹೆಸರಿಲ್ಲದ ಹುಡುಗರಿಗೆ ಪಾಸ್ ಕೊಡುವುದನ್ನು ಹೇಳಿಕೊಟ್ಟರು. 2020ರ ಅಕ್ಟೋಬರ್ 12ರಂದು ಬೆಂಗಳೂರಿನಲ್ಲಿ ತೀರಿಕೊಂಡಾಗ ಅವರಿಗೆ 49 ವರ್ಷ.

ಆಟಗಾರ ಗುರುವಾಗುವುದು ಹೇಗೆ ಎಂದು ಹುಡುಕುವಾಗ ಹಂಗೇರಿಯ ನಾಂಡೋರ್ ಹಿಡೆಗ್‌ಕುಟಿ ಸಿಕ್ಕರು. 1953ರ ನವೆಂಬರ್ 25ರಂದು ವೆಂಬ್ಲಿಯಲ್ಲಿ ಹಂಗೇರಿ ಇಂಗ್ಲೆಂಡನ್ನು 6-3ರಿಂದ ಸೋಲಿಸಿತು. ಅಲ್ಲೂ ಮೂರು ಗೋಲು ಇವರದ್ದು. ಬೆನ್ನ ಮೇಲೆ 9ನೇ ನಂಬರ್ ಇದ್ದವರು ಎದುರಾಳಿಯ ಗೋಲಿನ ಹತ್ತಿರ ನಿಲ್ಲಬೇಕು, ಒಬ್ಬ ಡಿಫೆಂಡರ್ ಅವರನ್ನು ಕಾಯಬೇಕು, ಇದು ಆಗಿನ ರೂಢಿ. ಹಿಡೆಗ್‌ಕುಟಿ ಮೈದಾನದ ಮಧ್ಯಕ್ಕೆ ಇಳಿದುಬಿಟ್ಟರು. ಹಿಂದೆ ಹೋದರೆ ಗೋಲಿನ ಮುಂದೆ ಜಾಗ ಖಾಲಿ, ಹೋಗದಿದ್ದರೆ ಇವರು ಖಾಲಿ. ಇಂಗ್ಲೆಂಡಿನವರಿಗೆ ಕೊನೆಯವರೆಗೂ ಉತ್ತರ ಸಿಗಲಿಲ್ಲ. ಮುಂದೆ ಅವರು ಮ್ಯಾನೇಜರ್ ಆಗಿ 1961ರಲ್ಲಿ ಇಟಲಿಯ ಫಿಯೊರೆಂಟಿನಾಗೆ ಯುರೋಪಿನ ಕಪ್ ವಿನ್ನರ್ಸ್ ಕಪ್, 70ರ ದಶಕದಿಂದ 1980ರವರೆಗೆ ಕೈರೋದ ಅಲ್ ಅಹ್ಲಿಗೆ ಐದು ಲೀಗ್ ಪಟ್ಟ ಗೆಲ್ಲಿಸಿದರು.

ಜಾಗ ನೋಡುವುದು ಆಟಗಾರನಿಗೆ ಅಭ್ಯಾಸ. ಆದರೆ ತಾನು ಕಂಡದ್ದು ಇನ್ನೊಬ್ಬನಿಗೆ ಕಾಣುವಂತೆ ಮಾಡುವುದು ಬೇರೆಯೇ ವಿದ್ಯೆ. ಅದಕ್ಕೇ ಡಿ, ಸಿ, ಬಿ, ಎ, ಪ್ರೊ ಎಂದು ತರಬೇತುದಾರರಿಗೆ ಮೆಟ್ಟಿಲುಮೆಟ್ಟಿಲಾಗಿ ಲೈಸೆನ್ಸ್ ಪರೀಕ್ಷೆಗಳಿವೆ. ನಾನು ಮೊದಲ ವಾರ ಬರೀ ಕಿರುಚಿದೆ. ಚನ್ನರಾಯಪಟ್ಟಣದ ಹುಡುಗನೊಬ್ಬ, "ಭಾಯ್, ಬೈಬೇಡಿ, ಎಲ್ಲಿ ನಿಲ್ಬೇಕು ಅಂತ ಹೇಳಿ" ಎಂದ. ಮರುದಿನ ಸುಣ್ಣದ ಪುಡಿಯಲ್ಲಿ ಗೆರೆ ಎಳೆದು ತೋರಿಸಿದೆ. ಅರಕಲಗೂಡಿನವನು ಬಸ್ಸಿಗೆ ಓಡುವ ಮೊದಲು ಮೂರು ಸರಿಯಾದ ಪಾಸ್ ಕೊಟ್ಟ. ಆವತ್ತು ಮೊಣಕಾಲಿನ ನೋವು ನೆನಪಾಗಲಿಲ್ಲ.

ಮಂಗಳವಾರ, ಗುರುವಾರ ಸಂಜೆ ನಾಲ್ಕಕ್ಕೆ ಮೈದಾನದಲ್ಲಿ ಇರುತ್ತೇವೆ. ಶೂ ಇಲ್ಲದವರೂ ಬರಬಹುದು.