ತಟ್ಟೆಯ ಬೆಳಕು, ತಲೆಬರಹದ ಮದ್ದು

ಬೈಪೋಲಾರ್ ಕಾಯಿಲೆಗೆ ಹೊಸ ಔಷಧ ಹುಡುಕುವವರು ಸಾವಿರಾರು ರಾಸಾಯನಿಕಗಳನ್ನು ಜೀವಕೋಶಗಳ ಮೇಲೆ ಹಾಕಿ, ಜಿಎಸ್‌ಕೆ-3 ಎಂಬ ಕಿಣ್ವವನ್ನು ತಡೆಯುವುದು ಯಾವುದೆಂದು ಜರಡಿ ಹಿಡಿಯುತ್ತಾರೆ. ಈ ಕಾಯಿಲೆಯ ಹಳೆಯ ಔಷಧವಾದ ಲಿಥಿಯಂ ಈ ಕಿಣ್ವವನ್ನು ತಡೆಯುತ್ತದೆಂದು 1996ರಲ್ಲಿ ತಿಳಿದುಬಂದದ್ದೇ ಇದಕ್ಕೆ ಪ್ರೇರಣೆ. ಜರಡಿಯಲ್ಲಿ ಒಂದು ರಾಸಾಯನಿಕ ಉಳಿದರೆ ಸಾಕು, ‘ಮದ್ದು ಸಿಕ್ಕಿತು’ ಎಂಬ ತಲೆಬರಹ ಸಿದ್ಧ. ಅಲ್ಲಿ ಕಂಡದ್ದು ಒಂದಿಷ್ಟು ಬೆಳಕು, ಅಷ್ಟೇ.

384 ಗುಳಿಗಳ ಪ್ಲಾಸ್ಟಿಕ್ ತಟ್ಟೆಯಲ್ಲಿ ಬೆಳೆಸಿದ ಕೋಶಗಳಿಗೆ ಮಿಂಚುಹುಳುವಿನ ಲೂಸಿಫರೇಸ್ ಎಂಬ ಬೆಳಕಿನ ಕಿಣ್ವದ ಜೀನನ್ನು ಸೇರಿಸಿರುತ್ತಾರೆ. ಜಿಎಸ್‌ಕೆ-3 ಸುಮ್ಮನಾದರೆ ಬೀಟಾ-ಕ್ಯಾಟೆನಿನ್ ಎಂಬ ಪ್ರೋಟೀನು ನಾಶವಾಗದೆ ಶೇಖರವಾಗಿ, ಕೋಶಕೇಂದ್ರ ಹೊಕ್ಕು ಆ ಜೀನನ್ನು ಚಾಲೂ ಮಾಡುತ್ತದೆ. ಆ ಕಿಣ್ವ ಬಳಸುವ ಲೂಸಿಫೆರಿನ್ ಹಾಕಿದಾಗ ಗುಳಿ ಬೆಳಗುತ್ತದೆ. ಆದರೆ ಜಿಎಸ್‌ಕೆ-3ರ ತಂಟೆಗೇ ಹೋಗದ ರಾಸಾಯನಿಕವೂ ನೇರವಾಗಿ ಲೂಸಿಫರೇಸಿಗೆ ಅಂಟಿಕೊಂಡು, ಅದು ಬೇಗ ನಾಶವಾಗದಂತೆ ಕಾಪಾಡಿ ಅದೇ ಬೆಳಕು ತೋರಿಸಬಲ್ಲದು. ಈ ಮೋಸ ಹಿಡಿಯಲೆಂದೇ ಇನ್ನೊಂದು ಬಗೆಯ ಮರುಪರೀಕ್ಷೆ ಬೇಕು. ಅದನ್ನು ಗೆದ್ದ ರಾಸಾಯನಿಕ ಮಿದುಳಿನ ರಕ್ತನಾಳಗಳ ತಡೆಗೋಡೆ ದಾಟಬೇಕು. ಬೀಟಾ-ಕ್ಯಾಟೆನಿನ್ ಹೆಚ್ಚುವುದೂ ನಿರಪಾಯವಲ್ಲ. ದೊಡ್ಡ ಕರುಳಿನ ಕ್ಯಾನ್ಸರಿನಲ್ಲಿ ಕೆರಳಿರುವುದು ಇದೇ ಪ್ರೋಟೀನು. ಹೋಲಿಕೆಗೆಂದು ತಟ್ಟೆಗೆ ಹಾಕುವ ಲಿಥಿಯಂ ಕೂಡ ಅನೇಕ ವೇಳೆ ಲೀಟರಿಗೆ 10 ಮಿಲಿಮೋಲ್ ಅಥವಾ ಅದಕ್ಕೂ ಹೆಚ್ಚು. ರೋಗಿಯ ರಕ್ತದಲ್ಲಿ 1.5 ದಾಟಿದರೇ ಅದು ವಿಷ.

ತಟ್ಟೆಯ ಕೋಶಕ್ಕೆ ಉನ್ಮಾದವೂ ಇಲ್ಲ, ಖಿನ್ನತೆಯೂ ಇಲ್ಲ. ಲಿಥಿಯಂ ಗುಣ ಕೊಡುವುದು ಜಿಎಸ್‌ಕೆ-3 ಒಂದರ ಮೂಲಕವೇ ಎಂದೂ ಹೇಳುವಂತಿಲ್ಲ, ಏಕೆಂದರೆ ಅದು ಐಎಂಪೇಸ್ ಎಂಬ ಕಿಣ್ವವನ್ನೂ ತಡೆಯುತ್ತದೆ. ಈ ಐಎಂಪೇಸನ್ನು ತಡೆಯುವ ಎಬ್‌ಸೆಲೆನ್ ಇಲಿಗಳಲ್ಲಿ ಲಿಥಿಯಂನಂತೆಯೇ ಕೆಲಸ ಮಾಡಿತೆಂದು ಆಕ್ಸ್‌ಫರ್ಡ್ ವಿಜ್ಞಾನಿಗಳು 2013ರಲ್ಲಿ ಪ್ರಕಟಿಸಿದಾಗಲೂ ಇದೇ ಸಂಭ್ರಮವಿತ್ತು. ಅದಿನ್ನೂ ಈ ಕಾಯಿಲೆಗೆ ಅನುಮೋದಿತ ಔಷಧವಾಗಿಲ್ಲ.

‘ಪ್ರಯೋಗಾಲಯದಲ್ಲಿ ಸಾಬೀತು’ ಎಂದು ಕಂಡೊಡನೆ ಮುಂದೆ ಓದದೆ ನಂಬುವ ಚಾಳಿ ಸೋಪು ಕೊಳ್ಳುವಾಗ ಹೆಚ್ಚೆಂದರೆ ಜೇಬಿಗೆ ನಷ್ಟ ತಂದೀತು. ಇಲ್ಲಿ ಹಾಗಲ್ಲ. ಹೊಸದು ಬರುತ್ತಿದೆಯಲ್ಲ ಎಂದು ಲಿಥಿಯಂ ಮಾತ್ರೆಯನ್ನು ಥಟ್ಟನೆ ಬಿಟ್ಟವರಲ್ಲಿ ಉನ್ಮಾದ ಮರುಕಳಿಸುವ ಅಪಾಯ ಹೆಚ್ಚು. ಆಸ್ಟ್ರೇಲಿಯದ ಜಾನ್ ಕೇಡ್ ಯಾವ ಜರಡಿಯ ನೆರವೂ ಇಲ್ಲದೆ ಉನ್ಮಾದದ 10 ರೋಗಿಗಳಿಗೆ ಕೊಟ್ಟು 1949ರಲ್ಲಿ ವರದಿ ಮಾಡಿದ ಲಿಥಿಯಂ ಇಂದಿಗೂ ಈ ಕಾಯಿಲೆಯ ಮುಖ್ಯ ಔಷಧಗಳಲ್ಲಿ ಒಂದು. ವೈದ್ಯರನ್ನು ಕೇಳದೆ ಅದನ್ನು ನಿಲ್ಲಿಸಬಾರದು.