ನಿಮಗಿದು ಗೊತ್ತೇ? ವಿಷ ಪತ್ತೆಯ ಮೇಜಿನಿಂದ ಒಂದಷ್ಟು ಸಂಗತಿ

ಅನುಮಾನಾಸ್ಪದ ಸಾವಿನ ಸುದ್ದಿ ಸಾಮಾನ್ಯವಾಗಿ 'ಒಳಾಂಗಗಳನ್ನು ಎಫ್‌ಎಸ್‌ಎಲ್‌ಗೆ ಕಳುಹಿಸಲಾಗಿದೆ' ಎಂಬಲ್ಲಿಗೆ ಮುಗಿಯುತ್ತದೆ. ಸರ್ಕಾರಿ ವಿಧಿವಿಜ್ಞಾನ ಪ್ರಯೋಗಾಲಯದ (ಎಫ್‌ಎಸ್‌ಎಲ್) ವಿಷಶಾಸ್ತ್ರ ವಿಭಾಗದವರ ಕೆಲಸ ಅಲ್ಲಿಂದಾಚೆಗೆ ಶುರು. 'ವಿಷ ಇದೆ' ಎಂದು ಬರೆಯಲು ಎಷ್ಟು ಎಚ್ಚರ ಬೇಕೋ 'ಇಲ್ಲ' ಎಂದು ಬರೆಯಲೂ ಅಷ್ಟೇ ಬೇಕು.

● ಶವಾಗಾರದಿಂದ ಬರುವ ಒಂದು ಸೀಸೆಯಲ್ಲಿ ಜಠರ, ಅದರೊಳಗಿದ್ದ ಪದಾರ್ಥ ಮತ್ತು ಸಣ್ಣ ಕರುಳಿನ ತುಂಡು ಇರುತ್ತದೆ. ಇನ್ನೊಂದರಲ್ಲಿ ಯಕೃತ್ತಿನ ಭಾಗ ಮತ್ತು ಎರಡೂ ಮೂತ್ರಪಿಂಡಗಳ ಅರ್ಧರ್ಧ. ರಕ್ತಕ್ಕೆ ಪ್ರತ್ಯೇಕ ಸೀಸೆ. ಅಂಗಗಳು ಕೆಡದಿರಲು ಹೆಚ್ಚಾಗಿ ಬಳಸುವುದು ಅಡುಗೆ ಉಪ್ಪಿನ ಸಾಂದ್ರ ದ್ರಾವಣ. ಫಾರ್ಮಲಿನ್ ಹಾಕಿಬಿಟ್ಟರೆ ವಿಷವನ್ನು ಹೊರತೆಗೆಯುವುದೇ ಕಷ್ಟವಾಗುತ್ತದೆ.

● ಇವುಗಳ ಜೊತೆ ಬರೀ ಉಪ್ಪುನೀರಿನ ಸೀಸೆಯೂ ಬರುತ್ತದೆ. ವಿಷ ದೇಹದಲ್ಲಿತ್ತೋ ಅಥವಾ ಸುರಿದ ದ್ರಾವಣದಲ್ಲೇ ಕಲಬೆರಕೆಯಾಗಿತ್ತೋ ಎಂಬ ಪ್ರಶ್ನೆ ನಾಳೆ ನ್ಯಾಯಾಲಯದಲ್ಲಿ ಎದ್ದರೆ ಉತ್ತರ ಆ ಸೀಸೆಯಲ್ಲಿದೆ.

● ಪರೀಕ್ಷಕರು ಮೊದಲು ನೋಡುವುದು ಅರಗಿನ ಸೀಲನ್ನು. ಜೊತೆಗೆ ಕಳುಹಿಸಿದ ಮಾದರಿ ಮುದ್ರೆಗೆ ಅದು ತಾಳೆಯಾಗಬೇಕು. ಸೀಲು ಒಡೆದಿದ್ದರೆ, ಮುದ್ರೆ ಹೊಂದದಿದ್ದರೆ ಅದನ್ನು ಮೊದಲೇ ದಾಖಲಿಸಬೇಕು. ಯಾರ ಕೈಯಿಂದ ಯಾರ ಕೈಗೆ ಬಂತು ಎಂಬ ಕೊಂಡಿ ತಪ್ಪಿದರೆ ಎಂಥ ಒಳ್ಳೆಯ ಪರೀಕ್ಷೆಯೂ ಕೋರ್ಟಿನಲ್ಲಿ ನಿಲ್ಲುವುದು ಕಷ್ಟ.

● ಭಾರತದಲ್ಲಿ ಈ ಕೆಲಸಕ್ಕೆ ಒಂದೂಮುಕ್ಕಾಲು ಶತಮಾನದ ಚರಿತ್ರೆಯಿದೆ. ಮೊದಲ 'ಕೆಮಿಕಲ್ ಎಕ್ಸಾಮಿನರ್' ಪ್ರಯೋಗಾಲಯ ಮದ್ರಾಸಿನಲ್ಲಿ 1849ರಲ್ಲಿ ಶುರುವಾಯಿತು. ಆಮೇಲೆ ಕಲ್ಕತ್ತಾ, ಆಗ್ರಾ, ಬಾಂಬೆ. ದೇಶದ ಮೊದಲ ರಾಜ್ಯ ಎಫ್‌ಎಸ್‌ಎಲ್ ಕಲ್ಕತ್ತಾದಲ್ಲಿ 1952ರಲ್ಲಿ ಬಂತು. ಕರ್ನಾಟಕದ ಮುಖ್ಯ ಎಫ್‌ಎಸ್‌ಎಲ್ ಬೆಂಗಳೂರಿನ ಮಡಿವಾಳದಲ್ಲಿದೆ.

● ಪಾಷಾಣ, ಅಂದರೆ ಆರ್ಸೆನಿಕ್, ಬಹುಕಾಲ ಕೊಲೆಗಾರರಿಗೆ ನೆಚ್ಚಿನ ವಿಷವಾಗಿತ್ತು. ಇಂಗ್ಲೆಂಡಿನ ಜೇಮ್ಸ್ ಮಾರ್ಷ್ ಒಂದು ಕೊಲೆ ಮೊಕದ್ದಮೆಯಲ್ಲಿ ಅದನ್ನು ಪತ್ತೆಹಚ್ಚಿದ್ದರು. ಆದರೆ ವಿಚಾರಣೆಯ ಹೊತ್ತಿಗೆ ಅವರು ತಯಾರಿಸಿದ್ದ ಮಾದರಿ ಕೆಟ್ಟುಹೋಗಿ, ಆರೋಪಿ ಬಿಡುಗಡೆಯಾದ. ಹಾಗಾಗದಂಥ, ಕಣ್ಣಿಗೆ ಕಾಣುವ ಲೋಹದ ಕಲೆ ಉಳಿಸುವ ಪರೀಕ್ಷೆಯನ್ನು ಮಾರ್ಷ್ 1836ರಲ್ಲಿ ಪ್ರಕಟಿಸಿದರು.

● ಸಸ್ಯಮೂಲದ ವಿಷ ದೇಹದಲ್ಲಿ ಸಿಗುವುದೇ ಇಲ್ಲ ಎಂದು ಒಂದು ಕಾಲದಲ್ಲಿ ನಂಬಿದ್ದರು. ಬೆಲ್ಜಿಯಂನ ಝಾನ್ ಸ್ಟಾಸ್ 1850ರಲ್ಲಿ ಕೊಲೆಯಾದವನೊಬ್ಬನ ಅಂಗಗಳಿಂದ ನಿಕೋಟಿನ್ ಹೊರತೆಗೆದು ಆ ನಂಬಿಕೆ ಮುರಿದರು. ಆಮ್ಲ, ಕ್ಷಾರ, ದ್ರಾವಕಗಳ ಸಹಾಯದಿಂದ ವಿಷವನ್ನು ಬೇರ್ಪಡಿಸುವ ಅವರ ದಾರಿಯನ್ನು ವಿದ್ಯಾರ್ಥಿಗಳು ಇವತ್ತಿಗೂ ಸ್ಟಾಸ್-ಒಟ್ಟೊ ವಿಧಾನವೆಂದು ಕಲಿಯುತ್ತಾರೆ.

● ಧಾನ್ಯಕ್ಕೆ ಹುಳು ಹಿಡಿಯದಂತೆ ಇಡುವ ಅಲ್ಯೂಮಿನಿಯಂ ಫಾಸ್ಫೈಡ್ ಮಾತ್ರೆ ಹೊಟ್ಟೆ ಸೇರಿದರೆ ಫಾಸ್ಫೀನ್ ಅನಿಲ ಹುಟ್ಟುತ್ತದೆ. ಪರೀಕ್ಷೆ ನೋಡಲು ಸರಳ: ಜಠರದ ಪದಾರ್ಥವನ್ನು ಫ್ಲಾಸ್ಕಿಗೆ ಹಾಕಿ, ಆಮ್ಲ ಬೆರೆಸಿ, ಬೆಚ್ಚಗೆ ಮಾಡಿ, ಬಾಯಿಗೆ ಸಿಲ್ವರ್ ನೈಟ್ರೇಟ್‌ನಲ್ಲಿ ಅದ್ದಿದ ಕಾಗದ ಹಿಡಿಯಬೇಕು. ಫಾಸ್ಫೀನ್ ಇದ್ದರೆ ಕಾಗದ ಕಪ್ಪಾಗುತ್ತದೆ. ಆದರೆ ಕೊಳೆತ ಕರುಳಿನಿಂದ ಬರುವ ಹೈಡ್ರೋಜನ್ ಸಲ್ಫೈಡ್ ಕೂಡ ಅದೇ ಕಾಗದವನ್ನು ಕಪ್ಪು ಮಾಡುತ್ತದೆ! ಅದಕ್ಕೇ ಪಕ್ಕದಲ್ಲಿ ಲೆಡ್ ಅಸಿಟೇಟ್ ಕಾಗದವನ್ನೂ ಇಡುತ್ತಾರೆ. ಅದು ಬೆಳ್ಳಗೇ ಉಳಿದು ಸಿಲ್ವರ್ ನೈಟ್ರೇಟ್ ಕಾಗದವೊಂದೇ ಕಪ್ಪಾದರೆ ಸುಳಿವು ಫಾಸ್ಫೀನ್‌ನತ್ತ. ಒಂದೇ ಕಾಗದ ನಂಬಿದ್ದರೆ ಇಲ್ಲದ ವಿಷ ವರದಿಯಲ್ಲಿ ಸೇರುತ್ತಿತ್ತು.

● ಶವದ ರಕ್ತದಲ್ಲಿ ಮದ್ಯಸಾರ ಸಿಕ್ಕಿದೊಡನೆ 'ಕುಡಿದಿದ್ದ' ಎನ್ನುವಂತಿಲ್ಲ. ಕೊಳೆಯುವಾಗ ಸೂಕ್ಷ್ಮಾಣುಗಳೇ ಮದ್ಯಸಾರ ತಯಾರಿಸಬಲ್ಲವು. ಅದಕ್ಕಾಗಿಯೇ ರಕ್ತಕ್ಕೆ ಸೋಡಿಯಂ ಫ್ಲೋರೈಡ್ ಬೆರೆಸುತ್ತಾರೆ. ಕಣ್ಣುಗುಡ್ಡೆಯೊಳಗಿನ ದ್ರವ ತಡವಾಗಿ ಕೊಳೆಯುವುದರಿಂದ ಅದನ್ನೂ ಹೋಲಿಸಿ ನೋಡುತ್ತಾರೆ. ಅಂದಹಾಗೆ, ವಾಹನ ಓಡಿಸುವವರಿಗೆ ಕಾನೂನಿನ ಮಿತಿ 100 ಮಿ.ಲೀ. ರಕ್ತದಲ್ಲಿ 30 ಮಿ.ಗ್ರಾಂ.

● ಕಳ್ಳಭಟ್ಟಿ ದುರಂತಗಳಲ್ಲಿ ಕೊಲ್ಲುವುದು ಸಾಮಾನ್ಯವಾಗಿ ಮೆಥನಾಲ್. ದೇಹದೊಳಗೆ ಅದು ಫಾರ್ಮಿಕ್ ಆಮ್ಲವಾಗಿ ಬದಲಾಗಿ ಕಣ್ಣಿನ ನರವನ್ನು ಹಾಳುಮಾಡುತ್ತದೆ. ಬೆಂಗಳೂರಿನಲ್ಲಿ 1981ರಲ್ಲಿ ಕಳ್ಳಭಟ್ಟಿ ಕುಡಿದು 300ಕ್ಕೂ ಹೆಚ್ಚು ಜನ ಸತ್ತರು.

● ಡಿಸೆಂಬರ್ 2018ರಲ್ಲಿ ಚಾಮರಾಜನಗರ ಜಿಲ್ಲೆಯ ಸುಳ್ವಾಡಿಯಲ್ಲಿ ಮಾರಮ್ಮನ ಗುಡಿಯ ಪ್ರಸಾದ ತಿಂದವರು ಸಾಲಾಗಿ ಕುಸಿದರು. ಹದಿನೈದಕ್ಕೂ ಹೆಚ್ಚು ಮಂದಿ ತೀರಿಕೊಂಡರು. ಪ್ರಸಾದದಲ್ಲಿ ಪತ್ತೆಯಾದದ್ದು ಮೋನೊಕ್ರೊಟೊಫಾಸ್ ಎಂಬ ಕೀಟನಾಶಕ. ಬಿಹಾರದ ಗಂಡಾಮನ್ ಶಾಲೆಯಲ್ಲಿ 2013ರಲ್ಲಿ ಬಿಸಿಯೂಟ ಉಂಡ 23 ಮಕ್ಕಳ ಜೀವ ತೆಗೆದದ್ದೂ ಅದೇ. ಎರಡು ಊರು, ಎರಡು ಅಡುಗೆ, ಒಂದೇ ವಿಷ.

● ಇಂಥ ಕೀಟನಾಶಕ ಹೊಟ್ಟೆ ಸೇರಿದವರಿಗೆ ವೈದ್ಯರು ಕೊಡುವ ಮುಖ್ಯ ಮದ್ದು ಅಟ್ರೊಪಿನ್. ಉಮ್ಮತ್ತಿ ಬೀಜ ತಿಂದವರನ್ನು ಕೊಲ್ಲುವ ಅಂಶಗಳಲ್ಲಿ ಇದೂ ಒಂದು. ಕೊಲ್ಲುವುದೋ ಉಳಿಸುವುದೋ ಎಂಬುದು ಪ್ರಮಾಣಕ್ಕೆ ಬಿಟ್ಟದ್ದು. ಹಾಗಾಗಿ ವಿಷದ ಹೆಸರಿನಷ್ಟೇ ಅದರ ಅಳತೆಯೂ ಮುಖ್ಯ.

● ಸಯನೈಡ್‌ಗೆ ಕಹಿ ಬಾದಾಮಿಯ ವಾಸನೆ ಎಂದು ಓದಿರುತ್ತೀರಿ. ಆ ವಾಸನೆ ಹುಟ್ಟಿನಿಂದಲೇ ಮೂಗಿಗೆ ಗೊತ್ತಾಗದವರಿದ್ದಾರೆ. ಆದ್ದರಿಂದ ಮೂಗು ಸುಳಿವು ಕೊಡಬಹುದೇ ಹೊರತು ಸಾಕ್ಷ್ಯವಾಗಲಾರದು.

● ಗ್ಯಾಸ್ ಕ್ರೊಮ್ಯಾಟೊಗ್ರಫಿ ಯಂತ್ರ ಬೆರೆತ ರಾಸಾಯನಿಕಗಳನ್ನು ಒಂದೊಂದಾಗಿ ಬಿಡಿಸುತ್ತದೆ. ಅದಕ್ಕೆ ಜೋಡಿಸಿದ ಮಾಸ್ ಸ್ಪೆಕ್ಟ್ರೋಮೀಟರ್ ಅಣುವನ್ನು ಒಡೆದು ಚೂರುಗಳ ತೂಕ ನೋಡುತ್ತದೆ. ಆ ಚೂರುಗಳ ವಿನ್ಯಾಸ ಆಯಾ ವಿಷದ ಬೆರಳಚ್ಚಿದ್ದಂತೆ.

● ತಲೆಗೂದಲು ತಿಂಗಳಿಗೆ ಸುಮಾರು 1 ಸೆಂ.ಮೀ. ಬೆಳೆಯುತ್ತದೆ. ಬುಡದಿಂದ ತುಂಡು ತುಂಡಾಗಿ ಪರೀಕ್ಷಿಸಿದರೆ ಪಾಷಾಣ ಯಾವ ತಿಂಗಳ ಸುಮಾರಿಗೆ ದೇಹ ಸೇರಿತು ಎಂದು ಅಂದಾಜಿಸಬಹುದು.

● 'ವಿಷ ಪತ್ತೆಯಾಗಿಲ್ಲ' ಎಂಬ ವರದಿ ಬಂದರೆ ವಿಷವೇ ಇರಲಿಲ್ಲ ಎಂದು ತೀರ್ಮಾನಿಸುವಂತಿಲ್ಲ. ಆಸ್ಪತ್ರೆಯಲ್ಲಿ ಹಲವು ದಿನ ಚಿಕಿತ್ಸೆ ಪಡೆದವರ ದೇಹದಿಂದ ಅದು ಹೊರಹೋಗಿರಬಹುದು. ಹಾವಿನ ವಿಷ ಮಾಮೂಲು ರಾಸಾಯನಿಕ ಪರೀಕ್ಷೆಗಳಿಗೆ ಸಿಗುವುದಿಲ್ಲ. ನುಂಗಿದ ವಿಷ ಚಿಕಿತ್ಸೆಯ ನಡುವೆ ಕೈತಪ್ಪದಿರಲು, ಆಸ್ಪತ್ರೆಯಲ್ಲಿ ಮೊದಲ ಸಲ ಹೊಟ್ಟೆ ತೊಳೆದ ನೀರನ್ನು ಚೆಲ್ಲದೆ ತೆಗೆದಿಡುವುದು ತುಂಬ ಮುಖ್ಯ.

● ವಿಷ ಯಾರು ಕೊಟ್ಟರು, ತಾನೇ ಕುಡಿದದ್ದೋ, ತಪ್ಪಿ ಬೆರೆತದ್ದೋ? ಇದನ್ನು ಯಾವ ಯಂತ್ರವೂ ಹೇಳದು. ಪರೀಕ್ಷಕರು ಏನಿದೆ, ಎಷ್ಟಿದೆ ಎಂಬಲ್ಲಿಗೆ ನಿಲ್ಲಬೇಕು. ಉಳಿದದ್ದು ತನಿಖೆಯ ಕೆಲಸ. ಆ ಗೆರೆ ದಾಟದಿರುವುದೂ ವೃತ್ತಿಧರ್ಮವೇ.

● 1 ಜುಲೈ 2024ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 329ನೇ ಕಲಂ ಪ್ರಕಾರ ಸರ್ಕಾರಿ ರಾಸಾಯನಿಕ ಪರೀಕ್ಷಕರ ವರದಿಯನ್ನು, ಅವರು ಬಂದು ಸಾಕ್ಷಿ ಹೇಳದಿದ್ದರೂ, ಸಾಕ್ಷ್ಯವಾಗಿ ಬಳಸಬಹುದು. ನ್ಯಾಯಾಲಯಕ್ಕೆ ಬೇಕೆನಿಸಿದರೆ ಅವರನ್ನು ಕರೆಸಿ ಪ್ರಶ್ನಿಸಲೂಬಹುದು. ಆ ಕರೆ ವರ್ಷಗಳ ನಂತರ ಬಂದರೂ ಕಟಕಟೆಯಲ್ಲಿ ಆಧಾರಕ್ಕಿರುವುದು ಅಂದು ಮೇಜಿನ ಮೇಲೆ ಬರೆದಿಟ್ಟ ಟಿಪ್ಪಣಿಯೇ. ಒಬ್ಬರ ಜೈಲು, ಇನ್ನೊಬ್ಬರ ನ್ಯಾಯ ಎರಡೂ ಆ ಬರಹವನ್ನು ನಂಬಿಕೊಂಡಿರುವಾಗ, ಪ್ರಯೋಗಾಲಯಗಳಿಗೆ ಬೇಕಾದಷ್ಟು ಜನ, ಸಲಕರಣೆ, ಸಮಯ ಕೊಡಿ ಎಂದು ಕೇಳುವುದು ನಮ್ಮೆಲ್ಲರ ಹಕ್ಕು.