ಕಠಿಣ ಇಂಗ್ಲಿಷ್ ಪದಕ್ಕೂ ಒಂದು ತವರುಮನೆ ಇದೆ

ಹಳಿಯಾಳ ತಾಲ್ಲೂಕಿನ ತೇರಗಾಂವ ನನ್ನ ತವರು. ಅಲ್ಲಿಂದ ಚಿಕ್ಕವ್ವ ತಪಾಸಣೆಗೆಂದು ಧಾರವಾಡಕ್ಕೆ, ನಮ್ಮ ಮನೆಗೆ ಬಂದಿದ್ದರು. ಎದೆಯ ಗಂಟಿನ ಬಯಾಪ್ಸಿ ರಿಪೋರ್ಟ್ ಸಂಜೆ ಕೈಗೆ ಬಂತು. ಡಾಕ್ಟರ್ ಸಿಗೋದು ಮರುದಿನ. ರಿಪೋರ್ಟಿನಲ್ಲಿ ‘ಬಿನೈನ್’ ಅಂತ ಇತ್ತು. “ಹೆಸರ ಇಷ್ಟ ದೊಡ್ಡದೈತಿ ಅಂದ್ರ ರೋಗಾನೂ ದೊಡ್ಡದ ಇರಬೇಕವಾ” ಎಂದ ಚಿಕ್ಕವ್ವ ರಾತ್ರಿಯೆಲ್ಲ ಕಣ್ಣು ಮುಚ್ಚಲಿಲ್ಲ. ಡಿಗ್ರಿ ಓದಿದ ನನಗೂ ಅರ್ಥ ಗೊತ್ತಿರಲಿಲ್ಲ! ಬೆಳಿಗ್ಗೆ ಡಾಕ್ಟರ್ ಹೇಳಿದರು: “ಬಿನೈನ್ ಅಂದರೆ ಕ್ಯಾನ್ಸರ್ ಅಲ್ಲದ ಗಂಟು.”

ಒಂದು ಪದ ಗೊತ್ತಿದ್ದರೆ ಒಂದು ರಾತ್ರಿಯ ನಿದ್ದೆ ಉಳಿಯುತ್ತಿತ್ತು.

ಹಾಗಂತ ಡಿಕ್ಷನರಿ ಬಾಯಿಪಾಠ ಮಾಡಬೇಕಿಲ್ಲ. ಹೊಸ ಸೊಸೆ ಬಂದಾಗ “ಯಾವ ಮನೆತನದ ಹುಡುಗಿ?” ಅಂತ ಕೇಳುತ್ತೇವಲ್ಲ, ಪದವನ್ನೂ ಹಾಗೇ ವಿಚಾರಿಸಿ.

* ತಲೆ ನೋಡಿ: ಲ್ಯಾಟಿನ್‌ನಲ್ಲಿ ‘ಬೆನೆ’ ಎಂದರೆ ಒಳ್ಳೆಯದಾಗಿ, ‘ಮಾಲೆ’ ಎಂದರೆ ಕೆಟ್ಟದಾಗಿ. ನಮ್ಮ ಸುಗುಣ, ದುರ್ಗುಣ ಇದ್ದಂತೆ. ಬೆನಿಫಿಟ್ ಎಂದರೆ ಲಾಭ, ಬೆನೆವೊಲೆಂಟ್ ಎಂದರೆ ಪರೋಪಕಾರಿ. ಮಾಲ್‌ನ್ಯೂಟ್ರಿಷನ್ ಅಪೌಷ್ಟಿಕತೆ, ಮ್ಯಾಲಿಗ್ನೆಂಟ್ ಕ್ಯಾನ್ಸರ್ ಗಂಟು. ಮಲೇರಿಯಾ ಕೂಡ ಇಟಾಲಿಯನ್‌ನ ‘ಕೆಟ್ಟ ಗಾಳಿ’!

* ಬಾಲ ನೋಡಿ: ‘ಐಟಿಸ್’ ಇದ್ದರೆ ಉರಿಯೂತ. ಆರ್ಥ್ರೈಟಿಸ್ ಎಂದರೆ ಕೀಲಿನ ಉರಿಯೂತ. ‘ಎಕ್ಟಮಿ’ ಇದ್ದರೆ ಕತ್ತರಿಸಿ ತೆಗೆಯುವುದು. ಹಿಸ್ಟರೆಕ್ಟಮಿ ಎಂದರೆ ಗರ್ಭಕೋಶವನ್ನೇ ತೆಗೆಯುವುದು. ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವ ಮುನ್ನ ಇದು ಗೊತ್ತಿರಬೇಡವೇ?

* ನೆಂಟರನ್ನು ಹುಡುಕಿ: ಡೆಂಟಿಸ್ಟ್‌ನಲ್ಲಿ ನಮ್ಮ ದಂತ ಇದೆ, ಮೆಟರ್ನಿಟಿಯಲ್ಲಿ ಮಾತೃ ಇದ್ದಾಳೆ. ಸಂಸ್ಕೃತ, ಗ್ರೀಕ್, ಲ್ಯಾಟಿನ್ ಒಂದೇ ಮೂಲದವು ಎಂದು ವಿಲಿಯಂ ಜೋನ್ಸ್ 1786ರಲ್ಲೇ ಕಲ್ಕತ್ತೆಯಲ್ಲಿ ಹೇಳಿದ್ದರು.

* ಗೊತ್ತಿರುವ ಪದ ಮೋಸ ಮಾಡೀತು: ‘ಕ್ರಾನಿಕ್’ ಎಂದರೆ ತೀವ್ರ ಅಲ್ಲ, ಬಹುಕಾಲದಿಂದ ಇರುವುದು. ದಿಢೀರನೆ ಶುರುವಾದದ್ದು ‘ಅಕ್ಯೂಟ್’. ರಿಪೋರ್ಟ್ ‘ಪಾಸಿಟಿವ್’ ಎಂದರೆ ಶುಭಸುದ್ದಿ ಎಂದಲ್ಲ, ಹುಡುಕಿದ್ದು ಸಿಕ್ಕಿದೆ ಎಂದು.

* ದಿನಕ್ಕೆ ಒಂದೇ ಪದ ಸಾಕು: ಹಾಲಿನ ಲೆಕ್ಕ ಬರೆಯುವ ಕ್ಯಾಲೆಂಡರ್‌ನಲ್ಲೇ ಅದನ್ನೂ ಬರೆದಿಡಿ. ಸಂಜೆಯೊಳಗೆ ಮಕ್ಕಳ ಹತ್ತಿರ ಒಮ್ಮೆಯಾದರೂ ಆ ಪದ ಬಳಸಿ. ತಪ್ಪಾದರೆ ನಗಲಿ ಬಿಡಿ. ನಮ್ಮ ಹಳಿಯಾಳದ ಕಡೆ ಹೆಂಗಸರು ಸಂತೆಯಲ್ಲಿ ಕನ್ನಡ, ಮರಾಠಿ, ಕೊಂಕಣಿ ಮೂರರಲ್ಲೂ ಚೌಕಾಸಿ ಮಾಡ್ತಾರೆ. ಯಾವ ಪುಸ್ತಕ ನೋಡಿ ಕಲಿತರು? ಬಳಸಿ ಬಳಸಿಯೇ ಕಲಿತದ್ದು.

ಒಂದು ಎಚ್ಚರ. ಪದ ಗೊತ್ತಾದ ಮಾತ್ರಕ್ಕೆ ನಾವೇ ಡಾಕ್ಟರ್ ಆಗುವುದಿಲ್ಲ. ಆದರೆ ಡಾಕ್ಟರ್ ಮುಂದೆ ಕೂತಾಗ ಸರಿಯಾದ ಪ್ರಶ್ನೆ ಕೇಳಬಹುದು. “ಇದನ್ನು ಕನ್ನಡದಲ್ಲಿ ಹೇಳಿ” ಎನ್ನುವುದಕ್ಕೂ ನಾಚಿಕೆ ಬೇಡ.

ಈಗ ಚಿಕ್ಕವ್ವ ಫೋನ್ ಮಾಡಿದಾಗಲೆಲ್ಲ ಮೊದಲು ಕೇಳೋದು ಒಂದೇ: “ಇವತ್ತಿನ ಪದ ಯಾವುದವಾ?”